ಭಾರತದಲ್ಲಿ ವಸತಿರಹಿತರಿಗೆ ನೆರವು

ವಸತಿರಹಿತರು ಎಂದರೆ ತಲೆಯ ಮೇಲೊಂದು ಸೂರಿಲ್ಲದೆ ಪಾದಚಾರಿ ಮಾರ್ಗ, ಮೇಲ್ಸೇತುವೆಯ ಅಡಿ, ರೈಲು ಮತ್ತು ಬಸ್ ನಿಲ್ದಾಣ, ಮಾರುಕಟ್ಟೆಯ ಕಟ್ಟೆ, ಗುಡಿ ಅಥವಾ ದರ್ಗಾದ ಆವರಣ ಮೊದಲಾದ ಕಡೆಗಳಲ್ಲಿ ಬಾಳುವೆ ನಡೆಸುವವರು. ಇವರಿಗೂ, ಇರುವ ನೆಲೆಯನ್ನು ಕಳೆದುಕೊಳ್ಳುವ ಭೀತಿಯಲ್ಲಿರುವವರಿಗೂ ಭಾರತದಲ್ಲಿ ದೊರೆಯುವ ನೆರವು ಆಶ್ರಯ ಕೇಂದ್ರಗಳು, ನ್ಯಾಯಾಲಯದ ಆದೇಶಗಳು, ವಸತಿ ಯೋಜನೆಗಳು ಮತ್ತು ಸ್ವಯಂಸೇವಾ ಸಂಸ್ಥೆಗಳ ಕಾರ್ಯದಲ್ಲಿ ಹಂಚಿಹೋಗಿದೆ. ಇದಕ್ಕೆಂದೇ ಸಂಸತ್ತು ರೂಪಿಸಿದ ಪ್ರತ್ಯೇಕ ಕಾಯ್ದೆ ಇಲ್ಲ. ಇಂದು ನಗರಗಳಲ್ಲಿ ಕಾಣುವ ಆಶ್ರಯ ಕೇಂದ್ರಗಳ ವ್ಯವಸ್ಥೆಯು ಬಹುಮಟ್ಟಿಗೆ ಸರ್ವೋಚ್ಚ ನ್ಯಾಯಾಲಯದ ಆದೇಶಗಳ ಫಲವಾಗಿದೆ.

ವ್ಯಾಖ್ಯೆ ಮತ್ತು ಎಣಿಕೆ

ಭಾರತದ ಜನಗಣತಿಯು ಕಟ್ಟಡ ಅಥವಾ ಮನೆಯೊಳಗೆ ವಾಸಿಸದೆ ಬಯಲಿನಲ್ಲಿ, ರಸ್ತೆಯ ಬದಿಯಲ್ಲಿ, ಹ್ಯೂಮ್ ಪೈಪುಗಳಲ್ಲಿ, ಮೇಲ್ಸೇತುವೆ ಅಥವಾ ಮೆಟ್ಟಿಲುಗಳ ಕೆಳಗೆ, ಪೂಜಾಸ್ಥಳಗಳ ಬಯಲು ಭಾಗದಲ್ಲಿ ಹಾಗೂ ರೈಲು ನಿಲ್ದಾಣಗಳಲ್ಲಿ ಇರುವವರನ್ನು ಮನೆಯಿಲ್ಲದವರೆಂದು ಪರಿಗಣಿಸುತ್ತದೆ. ಇವರನ್ನು ಒಂದೇ ರಾತ್ರಿಯಲ್ಲಿ ಎಣಿಸುವುದು ವಾಡಿಕೆ. 2011ರ ಜನಗಣತಿಯಲ್ಲಿ ಈ ಕೆಲಸ ಫೆಬ್ರವರಿ 28ರ ರಾತ್ರಿ ನಡೆಯಿತು. ಆ ಎಣಿಕೆಯಂತೆ ದೇಶದಲ್ಲಿ ಸುಮಾರು 17.7 ಲಕ್ಷ ವಸತಿರಹಿತರಿದ್ದರು, ಇವರಲ್ಲಿ 9.4 ಲಕ್ಷದಷ್ಟು ಮಂದಿ ನಗರಗಳಲ್ಲಿಯೂ ಉಳಿದವರು ಗ್ರಾಮಗಳಲ್ಲಿಯೂ ಇದ್ದರು. 2001ರಲ್ಲಿ ಒಟ್ಟು ಸಂಖ್ಯೆ 19.4 ಲಕ್ಷವಾಗಿತ್ತು. ಹತ್ತು ವರ್ಷಗಳಲ್ಲಿ ಒಟ್ಟು ಸಂಖ್ಯೆ ಇಳಿದರೂ ನಗರಗಳ ಪಾಲು 7.8 ಲಕ್ಷದಿಂದ 9.4 ಲಕ್ಷಕ್ಕೆ ಏರಿತು. ಉತ್ತರ ಪ್ರದೇಶ ಮತ್ತು ಮಹಾರಾಷ್ಟ್ರ ಮೊದಲೆರಡು ಸ್ಥಾನಗಳಲ್ಲಿದ್ದವು. ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು ಮಂದಿ ದಾಖಲಾದರು.

ಈ ಅಂಕಿಗಳು ವಾಸ್ತವಕ್ಕಿಂತ ಕಡಿಮೆ ಎಂಬುದು ಈ ಕ್ಷೇತ್ರದಲ್ಲಿ ದುಡಿಯುವವರ ಸಾಮಾನ್ಯ ಅಭಿಪ್ರಾಯ. ದಿನಕ್ಕೊಂದು ಕಡೆ ಮಲಗುವವರು, ಪೊಲೀಸರ ಕಣ್ಣು ತಪ್ಪಿಸಿಕೊಳ್ಳುವವರು, ಸುರಕ್ಷತೆಗಾಗಿ ಮರೆಯಲ್ಲಿ ಮಲಗುವ ಹೆಂಗಸರು ಎಣಿಕೆದಾರರ ಕಣ್ಣಿಗೆ ಬೀಳುವುದು ಕಷ್ಟ. ವ್ಯಾಖ್ಯೆಯಲ್ಲಿಯೇ ಇನ್ನೊಂದು ತೊಡಕಿದೆ. ಜನಗಣತಿಯ ಮನೆಪಟ್ಟಿಯಲ್ಲಿ ಛಾವಣಿಯ ಬಗೆಗಳ ಪೈಕಿ ಪ್ಲಾಸ್ಟಿಕ್ ಹಾಳೆಯೂ ಒಂದು. ಹೀಗಾಗಿ ಬೆಂಗಳೂರಿನ ಹೊರವಲಯದ ಖಾಲಿ ನಿವೇಶನಗಳಲ್ಲಿ ನೀಲಿ ಟಾರ್ಪಾಲಿನ ಜೋಪಡಿ ಕಟ್ಟಿಕೊಂಡು ಇರುವ ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳ ಕಟ್ಟಡ ಕಾರ್ಮಿಕರು ಮನೆಯುಳ್ಳವರ ಲೆಕ್ಕಕ್ಕೆ ಸೇರಬಹುದು. ಅದೇ ಕಾರ್ಮಿಕರು ಜೋಪಡಿ ಕಿತ್ತುಹಾಕಿದ ಮರುರಾತ್ರಿ ಮನೆಯಿಲ್ಲದವರಾಗುತ್ತಾರೆ.

ಯಾರು, ಏಕೆ

ವಸತಿರಹಿತರೆಂದರೆ ಭಿಕ್ಷುಕರು ಎಂಬ ತಿಳಿವಳಿಕೆ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ಇವರಲ್ಲಿ ಹೆಚ್ಚಿನವರು ದುಡಿಯುವ ಜನ: ತಳ್ಳುಗಾಡಿ ಮತ್ತು ಸೈಕಲ್ ರಿಕ್ಷಾ ಎಳೆಯುವವರು, ಮಾರುಕಟ್ಟೆಯ ಹಮಾಲರು, ಮದುವೆ ಊಟದಲ್ಲಿ ಬಡಿಸುವವರು, ಚಿಂದಿ ಆಯುವವರು, ಕಟ್ಟಡ ಕೂಲಿಗಳು. ಕೂಲಿಯಲ್ಲಿ ಬಾಡಿಗೆ ಕೊಟ್ಟರೆ ಊರಿಗೆ ಕಳಿಸಲು ಏನೂ ಉಳಿಯದು ಎಂಬ ಲೆಕ್ಕವೇ ಅನೇಕರನ್ನು ಬೀದಿಯಲ್ಲಿ ಮಲಗಿಸುತ್ತದೆ. ಇವರಲ್ಲದೆ ಮನೆಯಿಂದ ಹೊರಹಾಕಲ್ಪಟ್ಟ ವೃದ್ಧರು, ಹಿಂಸೆ ತಾಳದೆ ಮನೆ ಬಿಟ್ಟ ಹೆಂಗಸರು, ಲಿಂಗತ್ವ ಅಲ್ಪಸಂಖ್ಯಾತರು, ಓಡಿಬಂದ ಮಕ್ಕಳು, ಮಾನಸಿಕ ಕಾಯಿಲೆಯಿಂದ ಅಲೆಯುವವರು, ದೊಡ್ಡ ಆಸ್ಪತ್ರೆಗಳ ಮುಂದೆ ವಾರಗಟ್ಟಲೆ ಕಾಯುವ ರೋಗಿಗಳ ಕಡೆಯವರೂ ಇದ್ದಾರೆ.

ಗ್ರಾಮೀಣ ಭಾಗದ ಚಿತ್ರ ಬೇರೆ. ಅಲ್ಲಿ ಭೂಹೀನತೆ, ನೆರೆ, ಅಣೆಕಟ್ಟುಗಳ ಮುಳುಗಡೆ ಮತ್ತು ಅಲೆಮಾರಿ ಜೀವನ ಮುಖ್ಯ ಕಾರಣಗಳು. ಕರ್ನಾಟಕದ ಹಂದಿಜೋಗಿ, ಸುಡುಗಾಡು ಸಿದ್ಧ, ಬುಡ್ಗ ಜಂಗಮ, ಹಕ್ಕಿಪಿಕ್ಕಿ ಮೊದಲಾದ ಸಮುದಾಯಗಳ ಅನೇಕ ಕುಟುಂಬಗಳು ಊರಾಚೆ ಗುಡಾರಗಳಲ್ಲಿ ತಲೆಮಾರುಗಳಿಂದ ಬದುಕಿವೆ.

ಕಾನೂನಿನ ಹಿನ್ನೆಲೆ

ವಸತಿಯ ಹಕ್ಕನ್ನು ಸಂವಿಧಾನ ಪ್ರತ್ಯೇಕವಾಗಿ ಹೆಸರಿಸಿಲ್ಲ. 21ನೇ ವಿಧಿಯ ಜೀವಿಸುವ ಹಕ್ಕನ್ನು ವಿಸ್ತರಿಸಿ ನ್ಯಾಯಾಲಯಗಳು ಅದನ್ನು ಕಟ್ಟಿಕೊಟ್ಟಿವೆ. ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಪರವಾಗಿ ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಹೂಡಿದ ದಾವೆಯಲ್ಲಿ 1985ರಲ್ಲಿ ನೀಡಿದ ತೀರ್ಪು ಇದರ ಮೊದಲ ಮೈಲಿಗಲ್ಲು. ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ, ಪಾದಚಾರಿ ಮಾರ್ಗದಿಂದ ಎಬ್ಬಿಸುವುದೆಂದರೆ ದುಡಿಮೆಯಿಂದ ಎಬ್ಬಿಸುವುದೇ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಆದರೆ ಈ ತೀರ್ಪು ತೆರವನ್ನು ನಿಷೇಧಿಸಲಿಲ್ಲ ಎಂಬುದು ಹಲವು ಬಾರಿ ಮರೆತುಹೋಗುತ್ತದೆ. ಮಳೆಗಾಲ ಕಳೆಯುವವರೆಗೆ ಕಾಯಬೇಕು, ಸರಿಯಾದ ಕ್ರಮ ಅನುಸರಿಸಬೇಕು ಎಂಬಂತಹ ಷರತ್ತುಗಳೊಂದಿಗೆ ನಗರಪಾಲಿಕೆಗೆ ತೆರವಿನ ಅಧಿಕಾರ ಉಳಿಯಿತು. 1996ರ ಚಮೇಲಿ ಸಿಂಗ್ ಪ್ರಕರಣದಲ್ಲಿ ನ್ಯಾಯಾಲಯವು ಆಶ್ರಯವೆಂದರೆ ಬರಿಯ ಸೂರಲ್ಲ, ಗಾಳಿ, ಬೆಳಕು, ನೀರು, ನೈರ್ಮಲ್ಯಗಳೂ ಸೇರಿದ ನೆಲೆ ಎಂದು ವಿವರಿಸಿತು.

ಆಶ್ರಯ ಕೇಂದ್ರಗಳ ಇತಿಹಾಸ ತಿರುವು ಪಡೆದದ್ದು ದೆಹಲಿಯ ಒಂದು ಚಳಿಗಾಲದಲ್ಲಿ. 2009ರ ಡಿಸೆಂಬರಿನಲ್ಲಿ ಪೂಸಾ ರಸ್ತೆಯ ಬಳಿಯ ತಾತ್ಕಾಲಿಕ ರಾತ್ರಿ ತಂಗುದಾಣವೊಂದನ್ನು ಕಿತ್ತುಹಾಕಲಾಯಿತು. ಆಹಾರದ ಹಕ್ಕಿನ ಕುರಿತು 2001ರಿಂದ ನಡೆಯುತ್ತಿದ್ದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೇಮಿಸಿದ್ದ ಆಯುಕ್ತರು ಚಳಿಗೆ ಜನ ಸಾಯುತ್ತಿರುವುದನ್ನು ನ್ಯಾಯಾಲಯದ ಗಮನಕ್ಕೆ ತಂದರು. 2010ರ ಜನವರಿಯಲ್ಲಿ ದೆಹಲಿ ಸರ್ಕಾರಕ್ಕೆ ಕೂಡಲೇ ಆಶ್ರಯ ಒದಗಿಸುವಂತೆ ಆದೇಶವಾಯಿತು. ಮುಂದೆ ಇದು ಇತರ ರಾಜ್ಯಗಳಿಗೂ ವಿಸ್ತರಿಸಿತು. ಒಂದು ಲಕ್ಷ ನಗರ ಜನಸಂಖ್ಯೆಗೆ 100 ಜನರಿಗಾಗುವಷ್ಟು ಆಶ್ರಯ, ಅದೂ ವರ್ಷವಿಡೀ ಹಗಲಿರುಳು ತೆರೆದಿರುವ ಆಶ್ರಯ ಎಂಬ ಅಳತೆಗೋಲು ಈ ಆದೇಶಗಳ ಹಿನ್ನೆಲೆಯಲ್ಲಿಯೇ ರೂಢಿಗೆ ಬಂದಿತು. ಅದೇ ವರ್ಷ ದೆಹಲಿ ನಗರ ಆಶ್ರಯ ಸುಧಾರಣಾ ಮಂಡಳಿಯನ್ನು ಕಾಯ್ದೆಯ ಮೂಲಕ ಸ್ಥಾಪಿಸಲಾಯಿತು.

ನಗರ ವಸತಿರಹಿತರ ಆಶ್ರಯ ಯೋಜನೆ

2013ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ, ಮುಂದೆ ದೀನದಯಾಳ್ ಅಂತ್ಯೋದಯ ಯೋಜನೆಯ ಹೆಸರು ಪಡೆದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಒಂದು ಅಂಗವಾಗಿ ಈ ಯೋಜನೆ ಬಂದಿತು. ಅಭಿಯಾನದ ಅವಧಿಯಲ್ಲಿ ಕೇಂದ್ರ ಮತ್ತು ರಾಜ್ಯಗಳು ವೆಚ್ಚ ಹಂಚಿಕೊಳ್ಳುತ್ತಿದ್ದವು; ನಗರ ಸ್ಥಳೀಯ ಸಂಸ್ಥೆಗಳು ಕಟ್ಟಡ ಒದಗಿಸುತ್ತಿದ್ದವು; ದೈನಂದಿನ ನಿರ್ವಹಣೆಯನ್ನು ಸಾಮಾನ್ಯವಾಗಿ ಸ್ವಯಂಸೇವಾ ಸಂಸ್ಥೆಗಳಿಗೆ ವಹಿಸಲಾಗುತ್ತಿತ್ತು. ಮಾರ್ಗಸೂಚಿಯ ಪ್ರಕಾರ ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗವಿರಬೇಕು. ಕುಡಿಯುವ ನೀರು, ಸ್ನಾನಗೃಹ, ಶೌಚಾಲಯ, ಅಡುಗೆಗೆ ಸ್ಥಳ, ಹಾಸಿಗೆ ಹೊದಿಕೆ, ಸಾಮಾನು ಇಡಲು ಬೀಗವಿರುವ ಪೆಟ್ಟಿಗೆ, ಪ್ರಥಮ ಚಿಕಿತ್ಸೆ ಇರಬೇಕು. ಗಂಡಸರು, ಹೆಂಗಸರು ಮತ್ತು ಕುಟುಂಬಗಳಿಗೆ ಬೇರೆ ಬೇರೆ ಕೇಂದ್ರಗಳು, ವೃದ್ಧರು ಹಾಗೂ ಮಾನಸಿಕ ಅಸ್ವಸ್ಥರಂತಹವರಿಗೆ ವಿಶೇಷ ಕೇಂದ್ರಗಳು ಇರಬೇಕೆಂಬುದೂ ಅದರ ಆಶಯ. ನಿವಾಸಿಗಳನ್ನು ಪಡಿತರ, ಪಿಂಚಣಿ, ಅಂಗನವಾಡಿ, ಶಾಲೆ ಮತ್ತು ಕೌಶಲ ತರಬೇತಿಗಳೊಂದಿಗೆ ಜೋಡಿಸುವ ಹೊಣೆಯೂ ಕೇಂದ್ರಗಳ ಮೇಲಿದೆ.

ಕಾಗದದ ಮೇಲಿನ ಈ ವ್ಯವಸ್ಥೆ ನೆಲಕ್ಕಿಳಿದದ್ದು ನಿಧಾನವಾಗಿ. ಇ.ಆರ್. ಕುಮಾರ್ ಪ್ರಕರಣದಲ್ಲಿ ರಾಜ್ಯಗಳು ಹಣ ಪಡೆದೂ ಆಶ್ರಯ ಕಟ್ಟದಿರುವುದನ್ನು ಗಮನಿಸಿದ ಸರ್ವೋಚ್ಚ ನ್ಯಾಯಾಲಯ, 2016ರ ನವೆಂಬರಿನಲ್ಲಿ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿಯನ್ನು ನೇಮಿಸಿತು. ಬಳಿಕ ರಾಜ್ಯಮಟ್ಟದ ಮೇಲ್ವಿಚಾರಣಾ ಸಮಿತಿಗಳೂ ರಚನೆಯಾದವು.

ಖಾಲಿ ಹಾಸಿಗೆಯ ಪ್ರಶ್ನೆ

ಕೇಂದ್ರದಲ್ಲಿ ಹಾಸಿಗೆ ಖಾಲಿ ಇದ್ದು, ಅನತಿ ದೂರದಲ್ಲಿ ಜನ ಬೀದಿಯಲ್ಲಿ ಮಲಗಿರುವ ದೃಶ್ಯ ಹಲವು ನಗರಗಳಲ್ಲಿ ಸಾಮಾನ್ಯ. ಅಧಿಕಾರಿಗಳು ಇದನ್ನು ಜನರ ಹಟವೆಂದು ಕಾಣುವುದುಂಟು. ಕಾರಣಗಳನ್ನು ಒಂದೊಂದಾಗಿ ನೋಡಿದರೆ ಹಟಕ್ಕಿಂತ ಲೆಕ್ಕಾಚಾರವೇ ಹೆಚ್ಚಾಗಿ ಕಾಣುತ್ತದೆ. ನಸುಕಿನ ಮೂರು ಗಂಟೆಗೆ ತರಕಾರಿ ಲಾರಿ ಇಳಿಸಬೇಕಾದ ಹಮಾಲನಿಗೆ ನಾಲ್ಕು ಕಿಲೋಮೀಟರ್ ದೂರದ ಕೇಂದ್ರದಿಂದ ಪ್ರಯೋಜನವಿಲ್ಲ. ಆ ವೇಳೆಗೆ ಬಸ್ಸೂ ಇರದು, ಕೇಂದ್ರದ ಬಾಗಿಲೂ ತೆರೆದಿರದು. ತಳ್ಳುಗಾಡಿಯವನು ಗಾಡಿಯ ಮೇಲೆಯೇ ಮಲಗುವುದು ಅದನ್ನು ಕಾಯಲು. ಗಂಡ ಹೆಂಡತಿಯರನ್ನು ಬೇರೆ ಬೇರೆ ಕಟ್ಟಡಕ್ಕೆ ಕಳಿಸಿದರೆ, ಹರೆಯದ ಮಗನನ್ನು ತಾಯಿಯಿಂದ ಬೇರೆಯಿರಿಸಿದರೆ ಕುಟುಂಬವು ಬೀದಿಯನ್ನೇ ಆರಿಸಿಕೊಳ್ಳುತ್ತದೆ. ಗುರುತಿನ ಚೀಟಿ ಕೇಳುವುದು, ತಿಗಣೆ, ಕಳವು, ಇಂತಿಷ್ಟೇ ದಿನ ಇರಬೇಕೆಂಬ ನಿಯಮ, ಕುಡಿದು ಬಂದವರನ್ನು ಒಳಗೆ ಬಿಡದಿರುವುದು ಇವೂ ಜನರನ್ನು ದೂರವಿಡುತ್ತವೆ. ಹೀಗಾಗಿ ಎಷ್ಟು ಹಾಸಿಗೆ ಎಂಬುದಕ್ಕಿಂತ ಅವು ಎಲ್ಲಿವೆ ಎಂಬುದೇ ಆಶ್ರಯದ ಉಪಯುಕ್ತತೆಯನ್ನು ನಿರ್ಧರಿಸುತ್ತದೆ. ಕೇಂದ್ರಗಳು ಮಾರುಕಟ್ಟೆ, ನಿಲ್ದಾಣ ಮತ್ತು ಆಸ್ಪತ್ರೆಗಳಂತಹ ಸ್ಥಳಗಳಿಗೆ, ಜನರು ಈಗಾಗಲೇ ಸೇರುವ ಹಾಗೂ ದುಡಿಯುವ ಜಾಗಗಳಿಗೆ ಹತ್ತಿರವಿರಬೇಕೆಂದು ಮಾರ್ಗಸೂಚಿಯೂ ಹೇಳುತ್ತದೆ. ಆದರೆ ಅಂತಹ ಜಾಗಗಳಲ್ಲಿಯೇ ಭೂಮಿಯ ಬೆಲೆಯೂ ನೆರೆಹೊರೆಯ ವಿರೋಧವೂ ಹೆಚ್ಚು.

ಭಿಕ್ಷಾಟನೆ ಕಾಯ್ದೆಗಳು

ಒಂದು ಇಲಾಖೆ ಆಶ್ರಯಕ್ಕೆ ಕರೆಯುವ ವ್ಯಕ್ತಿಯನ್ನೇ ಇನ್ನೊಂದು ಇಲಾಖೆ ಬಂಧಿಸಬಹುದಾದ ವಿಚಿತ್ರ ಸ್ಥಿತಿ ಭಾರತದಲ್ಲಿದೆ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆಯು, ಕಾಣುವಂತಹ ಜೀವನೋಪಾಯವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಅಲೆಯುವುದನ್ನೂ ಭಿಕ್ಷಾಟನೆಯ ವ್ಯಾಖ್ಯೆಗೆ ಸೇರಿಸಿತು. ಇದರಂತೆ ಮೊದಲ ಬಾರಿಗೆ ಒಂದರಿಂದ ಮೂರು ವರ್ಷ, ಪುನರಾವರ್ತನೆಯಾದರೆ ಹತ್ತು ವರ್ಷದವರೆಗೆ ಕೂಡಿಹಾಕಲು ಅವಕಾಶವಿದೆ. ದೆಹಲಿಗೆ ಅನ್ವಯವಾಗುತ್ತಿದ್ದ ಈ ಕಾಯ್ದೆಯ ಪ್ರಮುಖ ವಿಧಿಗಳನ್ನು ದೆಹಲಿ ಉಚ್ಚ ನ್ಯಾಯಾಲಯ 2018ರ ಆಗಸ್ಟ್‌ನಲ್ಲಿ ರದ್ದುಗೊಳಿಸಿತು. ಬೇಡುವುದು ಅಪರಾಧವಲ್ಲ, ಸಾಮಾಜಿಕ ಭದ್ರತೆಯ ಕೊರತೆಯ ಲಕ್ಷಣ ಎಂಬುದು ಆ ತೀರ್ಪಿನ ತಿರುಳು.

ಕರ್ನಾಟಕದಲ್ಲಿ ಮೈಸೂರು ಸಂಸ್ಥಾನದ 1944ರ ಕಾಯ್ದೆಯ ಬದಲಿಗೆ ಬಂದ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975 ಜಾರಿಯಲ್ಲಿದೆ. ಇದರಡಿ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುತ್ತವೆ. ಆಸ್ತಿ ತೆರಿಗೆಯೊಂದಿಗೆ ಶೇ. 3ರಷ್ಟು ಭಿಕ್ಷುಕರ ಉಪಕರವನ್ನು ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡುತ್ತವೆ. ಮನೆ ಕಂದಾಯ ಕಟ್ಟುವ ನಾಗರಿಕರ ರಸೀದಿಯಲ್ಲಿ ಈ ಬಾಬ್ತು ಕಾಣಿಸುವುದರಿಂದ, ಮನೆಯುಳ್ಳವರೆಲ್ಲರೂ ತಿಳಿಯದೆಯೇ ಈ ವ್ಯವಸ್ಥೆಯ ಪಾಲುದಾರರು. ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಅಲ್ಪಾವಧಿಯಲ್ಲಿ ಹಲವು ನಿವಾಸಿಗಳು ಸಾವನ್ನಪ್ಪಿದ್ದು ರಾಜ್ಯವ್ಯಾಪಿ ಸುದ್ದಿಯಾಯಿತು; ಆಗಿನ ಸಮಾಜ ಕಲ್ಯಾಣ ಸಚಿವರು ರಾಜೀನಾಮೆ ನೀಡಿದರು.

ಗುರುತು ಮತ್ತು ವಿಳಾಸ

ವಿಳಾಸವಿಲ್ಲದಿರುವುದು ಸೂರಿಲ್ಲದಿರುವುದಕ್ಕಿಂತ ಬೇರೆಯಾದ, ಅಷ್ಟೇ ಗಂಭೀರವಾದ ಕೊರತೆ. ಪಡಿತರ ಚೀಟಿ, ಬ್ಯಾಂಕ್ ಖಾತೆ, ವೃದ್ಧಾಪ್ಯ ವೇತನ, ಮಕ್ಕಳ ಶಾಲಾ ದಾಖಲಾತಿ ಎಲ್ಲಕ್ಕೂ ವಿಳಾಸ ಬೇಕು. ಈ ವಿಷಯದಲ್ಲಿ ಚುನಾವಣಾ ಆಯೋಗದ ಕ್ರಮ ಗಮನಾರ್ಹವಾದುದು. ವಸತಿರಹಿತರು ಮತದಾರರ ಪಟ್ಟಿಗೆ ಅರ್ಜಿ ಸಲ್ಲಿಸಿದರೆ ವಾಸಸ್ಥಳದ ದಾಖಲೆ ಕೇಳುವಂತಿಲ್ಲ. ಮತಗಟ್ಟೆ ಮಟ್ಟದ ಅಧಿಕಾರಿಯು ಅರ್ಜಿಯಲ್ಲಿ ಹೇಳಿದ ಜಾಗಕ್ಕೆ ರಾತ್ರಿ ವೇಳೆ, ಒಂದಕ್ಕಿಂತ ಹೆಚ್ಚು ಬಾರಿ ಹೋಗಿ, ಅರ್ಜಿದಾರರು ಅಲ್ಲಿ ಮಲಗುವುದನ್ನು ಕಂಡು ಖಚಿತಪಡಿಸಿಕೊಳ್ಳಬೇಕು. ಆಶ್ರಯ ಕೇಂದ್ರದ ವಿಳಾಸವನ್ನೇ ನಿವಾಸಿಗಳ ವಿಳಾಸವಾಗಿ ಬಳಸಿ ದಾಖಲೆ ಮಾಡಿಸಿಕೊಡುವುದು ಸಂಸ್ಥೆಗಳ ಮುಖ್ಯ ಕೆಲಸಗಳಲ್ಲಿ ಒಂದಾಗಿದೆ.

ಮಾನಸಿಕ ಆರೋಗ್ಯ

ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017ರ 100ನೇ ಪ್ರಕರಣವು, ಮಾನಸಿಕ ಕಾಯಿಲೆಯಿಂದ ಅಲೆದಾಡುತ್ತಿರುವಂತೆ ಕಾಣುವ, ತಮ್ಮನ್ನು ನೋಡಿಕೊಳ್ಳಲಾರದ ವ್ಯಕ್ತಿಗಳನ್ನು ರಕ್ಷಣೆಗೆ ತೆಗೆದುಕೊಂಡು ಆರೋಗ್ಯ ಸಂಸ್ಥೆಗೆ ಒಯ್ಯುವ ಹೊಣೆಯನ್ನು ಠಾಣಾಧಿಕಾರಿಗೆ ವಹಿಸುತ್ತದೆ; ಅವರನ್ನು ಲಾಕಪ್ಪಿನಲ್ಲಿ ಇರಿಸುವಂತಿಲ್ಲ. ಚೆನ್ನೈಯಲ್ಲಿ 1993ರಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಸ್ಥಾಪಿಸಿದ ದಿ ಬ್ಯಾನ್ಯನ್ ಸಂಸ್ಥೆ ಬೀದಿಯಲ್ಲಿದ್ದ ಮಾನಸಿಕ ಅಸ್ವಸ್ಥ ಮಹಿಳೆಯರ ಆರೈಕೆಯಿಂದ ಆರಂಭವಾಗಿ, ಗುಣಮುಖರಾದವರು ನಾಲ್ಕೈದು ಮಂದಿಯಾಗಿ ಸಾಮಾನ್ಯ ಬಡಾವಣೆಯ ಬಾಡಿಗೆ ಮನೆಗಳಲ್ಲಿ ಒಟ್ಟಿಗೆ ಬಾಳುವ ಮಾದರಿಯನ್ನು ರೂಪಿಸಿತು. ಮಹಾರಾಷ್ಟ್ರದ ಕರ್ಜತ್‌ನಲ್ಲಿ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನ ನಡೆಸುವ ಮನೋವೈದ್ಯ ಭರತ್ ವಾಟ್ವಾನಿ ಇಂಥವರಿಗೆ ಚಿಕಿತ್ಸೆ ನೀಡಿ ಊರು ಹುಡುಕಿ ಮನೆ ಸೇರಿಸುವ ಕಾರ್ಯಕ್ಕಾಗಿ 2018ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು.

ನೆಲೆ ತಪ್ಪದಂತೆ ತಡೆಯುವುದು

ಬೀದಿಗೆ ಬಿದ್ದವರಿಗೆ ಆಶ್ರಯ ಕೊಡುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದು ಸುಲಭವೆಂಬುದಕ್ಕೆ ಬೆಂಗಳೂರಿನ ಈಜಿಪುರದ ಪ್ರಕರಣ ಉದಾಹರಣೆ. ಅಲ್ಲಿನ ಆರ್ಥಿಕವಾಗಿ ಹಿಂದುಳಿದವರ ವಸತಿ ಸಮುಚ್ಚಯದ ಕಟ್ಟಡಗಳು ಶಿಥಿಲಗೊಂಡ ಮೇಲೆ ಜನ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕಳೆದರು. 2013ರ ಜನವರಿಯಲ್ಲಿ ಆ ಶೆಡ್ಡುಗಳನ್ನು ನೆಲಸಮ ಮಾಡಿದಾಗ ಸಾವಿರಕ್ಕೂ ಹೆಚ್ಚು ಕುಟುಂಬಗಳು ಸೂರು ಕಳೆದುಕೊಂಡವು. ಹಲವು ಕುಟುಂಬಗಳು ಅದೇ ಜಾಗದ ಪಕ್ಕದ ಪಾದಚಾರಿ ಮಾರ್ಗದಲ್ಲಿ ತಿಂಗಳುಗಟ್ಟಲೆ ಉಳಿದವು. ಮಕ್ಕಳ ಶಾಲೆ ಮತ್ತು ಹೆಂಗಸರ ಮನೆಗೆಲಸ ಎರಡೂ ಅಲ್ಲಿಯೇ ಇದ್ದುದರಿಂದ ದೂರ ಹೋಗುವುದು ಅವರಿಗೆ ಸಾಧ್ಯವಿರಲಿಲ್ಲ.

ಕರ್ನಾಟಕ ಕೊಳಚೆ ಪ್ರದೇಶ (ಅಭಿವೃದ್ಧಿ ಮತ್ತು ನಿರ್ಮೂಲನ) ಕಾಯ್ದೆ, 1973ರಂತೆ ಘೋಷಿತವಾದ ಕೊಳಗೇರಿಗಳ ನಿವಾಸಿಗಳಿಗೆ ಒಂದು ಮಟ್ಟದ ರಕ್ಷಣೆಯಿದೆ. ಘೋಷಣೆಯಾಗದ ಜೋಪಡಿಗಳಿಗೆ ಅದು ಸಿಗುವುದಿಲ್ಲ. ಗ್ರಾಮೀಣ ಭಾಗದಲ್ಲಿ ಕರ್ನಾಟಕ ಭೂಕಂದಾಯ ಕಾಯ್ದೆಯ 94ಸಿ ಪ್ರಕರಣವು ಸರ್ಕಾರಿ ಜಮೀನಿನಲ್ಲಿ ಕಟ್ಟಿಕೊಂಡ ಮನೆಗಳನ್ನು ಸಕ್ರಮಗೊಳಿಸಲು ಅವಕಾಶ ನೀಡಿದೆ. ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳನ್ನು ಕಂದಾಯ ಗ್ರಾಮಗಳಾಗಿಸಿ ಹಕ್ಕುಪತ್ರ ಕೊಡುವ ಕ್ರಮವೂ ಇದೆ. 2000ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ರಾಜ್ಯದ ವಸತಿ ಯೋಜನೆಗಳನ್ನು ಜಾರಿಗೊಳಿಸುತ್ತದೆ. ಆದರೆ ಇಂತಹ ಮನೆ ಮಂಜೂರಾತಿಗೆ ಸಾಮಾನ್ಯವಾಗಿ ನಿವೇಶನ ಅಥವಾ ಪಡಿತರ ಚೀಟಿ ಬೇಕಾಗುವುದರಿಂದ, ಬೀದಿಯಲ್ಲಿರುವವರು ಈ ಸಾಲಿನ ಕೊನೆಗೂ ಸೇರುವುದು ಅಪರೂಪ. 2020ರ ಲಾಕ್‌ಡೌನ್ ವೇಳೆ ವಲಸೆ ಕಾರ್ಮಿಕರು ಕಾಲ್ನಡಿಗೆಯಲ್ಲಿ ಊರಿಗೆ ಹೊರಟ ಬಳಿಕ, ಕೇಂದ್ರ ಸರ್ಕಾರ ನಗರಗಳಲ್ಲಿ ಕೈಗೆಟುಕುವ ಬಾಡಿಗೆಯ ವಸತಿ ಸಂಕೀರ್ಣಗಳ ಯೋಜನೆಯನ್ನು ಪ್ರಕಟಿಸಿತು.

ಇತರ ದೇಶಗಳಲ್ಲಿ

ಫಿನ್ಲೆಂಡ್ 2008ರಿಂದ 'ಮೊದಲು ಮನೆ' ಎಂಬ ನೀತಿಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಅನುಸರಿಸುತ್ತಿದೆ. ಕುಡಿತ ಬಿಟ್ಟ ಮೇಲೆ, ಕೆಲಸ ಹಿಡಿದ ಮೇಲೆ ಮನೆ ಎನ್ನುವ ಬದಲು ಮೊದಲು ಬಾಡಿಗೆ ಕರಾರಿನ ಸ್ವಂತ ಮನೆ, ಆಮೇಲೆ ಬೇಕಾದ ನೆರವು ಎಂಬುದು ಇದರ ಕ್ರಮ. ಇದೇ ತತ್ತ್ವವನ್ನು 1992ರಲ್ಲಿ ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಪ್ರಯೋಗಿಸಿದ್ದರು. ಫಿನ್ಲೆಂಡಿನಲ್ಲಿ ಹಳೆಯ ತಂಗುದಾಣಗಳನ್ನೇ ಪ್ರತ್ಯೇಕ ಮನೆಗಳಾಗಿ ಮಾರ್ಪಡಿಸಲಾಯಿತು. ಭಾರತದ ವ್ಯವಸ್ಥೆಯಲ್ಲಿ ಆಶ್ರಯ ಕೇಂದ್ರದಿಂದ ಬಾಡಿಗೆ ಮನೆಗೆ ಹೋಗುವ ನಡುವಣ ಮೆಟ್ಟಿಲಾಗಿ ಕಾರ್ಮಿಕರ ಹಾಸ್ಟೆಲುಗಳು ಇರಬೇಕೆಂಬ ಬೇಡಿಕೆಯಿದೆ.