ಕನ್ನ ಕಳವು ತಡೆ: ಮನೆಯ ಬಾಗಿಲು ಮತ್ತು ಬೀಗಗಳನ್ನು ಬಲಪಡಿಸುವ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಹಬ್ಬ, ಮದುವೆ, ತೀರ್ಥಯಾತ್ರೆ ಅಥವಾ ಬೇಸಿಗೆ ರಜೆಯ ನಿಮಿತ್ತ ಮನೆಗೆ ಬೀಗ ಹಾಕಿ ಹೋದ ಕುಟುಂಬವು ಮರಳಿ ಬಂದಾಗ, ಬಾಗಿಲು ತೆರೆದಿದ್ದು ಬೀಗವು ಮಾತ್ರ ಕೊಂಡಿಯಲ್ಲಿ ಹಾಗೆಯೇ ನೇತಾಡುತ್ತಿರುವುದು ಕನ್ನ ಕಳವು ಪ್ರಕರಣಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಸಂಗತಿಯಾಗಿದೆ. ಬೀಗವು ಮುರಿದಿರುವುದಿಲ್ಲ, ಬೀಗವನ್ನು ಹಿಡಿದಿದ್ದ ಚಿಲಕವು ಸ್ಕ್ರೂಗಳ ಸಮೇತ ಕಿತ್ತು ಬಂದಿರುತ್ತದೆ. ದುಬಾರಿ ಬೀಗವನ್ನು ಖರೀದಿಸಿದ ನಂತರವೂ ಮನೆಗೆ ರಕ್ಷಣೆ ದೊರೆಯದಿರಲು ಇದೇ ಮುಖ್ಯ ಕಾರಣ.

ಬೀಗ, ಚಿಲಕ, ಸ್ಕ್ರೂ, ಕದ, ಕೀಲು ಮತ್ತು ಚೌಕಟ್ಟು (ಬಾಗಿಲುವಾಡ) ಇವೆಲ್ಲವೂ ಸೇರಿ ಒಂದು ಬಾಗಿಲಿನ ಭದ್ರತೆಯಾಗುತ್ತದೆ. ಇವುಗಳಲ್ಲಿ ಅತ್ಯಂತ ದುರ್ಬಲವಾದುದು ಯಾವುದೋ, ಆ ಬಾಗಿಲಿನ ಬಲವೂ ಅಷ್ಟೇ. ಆದುದರಿಂದ ಬೀಗವನ್ನು ಬದಲಾಯಿಸುವ ಮುನ್ನ ಬಾಗಿಲನ್ನು ಪೂರ್ಣವಾಗಿ ಪರಿಶೀಲಿಸುವುದು ಸೂಕ್ತ. ಈ ಬಗ್ಗೆ ನಾಗರಿಕರಿಗೆ ಅಗತ್ಯವಾದ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

2. ಕಾನೂನಿನ ಉಪಬಂಧಗಳು

ದಿನಾಂಕ 1-7-2024 ರಿಂದ ಭಾರತೀಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ, 2023 ಜಾರಿಯಲ್ಲಿರುತ್ತದೆ. ಹಿಂದಿನ 454, 457 ಮತ್ತು 380 ನೇ ಕಲಂಗಳ ವಿಷಯವು ಈಗ ಹೊಸ ಸಂಹಿತೆಯ 331 ಮತ್ತು 305 ನೇ ಕಲಂಗಳಲ್ಲಿದೆ.

(ಅ) ಕಳವು ಮಾಡುವ ಉದ್ದೇಶದಿಂದ ಹಗಲಿನಲ್ಲಿ ಮನೆಗೆ ಕನ್ನ ಹಾಕಿದಲ್ಲಿ, ಕಲಂ 331(3) ರ ಅನ್ವಯ 10 ವರ್ಷಗಳವರೆಗೆ ಕಾರಾವಾಸ ಹಾಗೂ ಜುಲ್ಮಾನೆ.

(ಆ) ಸೂರ್ಯಾಸ್ತದ ನಂತರ ಮತ್ತು ಸೂರ್ಯೋದಯದ ಮೊದಲು ಇದೇ ಕೃತ್ಯವನ್ನು ಎಸಗಿದಲ್ಲಿ, ಕಲಂ 331(4) ರ ಅನ್ವಯ 14 ವರ್ಷಗಳವರೆಗೆ ಕಾರಾವಾಸ ಹಾಗೂ ಜುಲ್ಮಾನೆ.

(ಇ) ವಾಸದ ಮನೆಯಲ್ಲಿ ಕಳವು ಮಾಡಿದಲ್ಲಿ, ಕಲಂ 305 ರ ಅನ್ವಯ 7 ವರ್ಷಗಳವರೆಗೆ ಕಾರಾವಾಸ ಹಾಗೂ ಜುಲ್ಮಾನೆ.

ಗೋಡೆಯನ್ನು ಕೊರೆದು ಒಳನುಗ್ಗಿದರೆ ಮಾತ್ರ ಕನ್ನವೆಂದು ಭಾವಿಸಬಾರದು. ಅತಿಕ್ರಮ ಪ್ರವೇಶಕ್ಕಾಗಿ ಬೀಗವನ್ನು ತೆರೆದು ಒಳಹೋಗುವುದೂ ಕಾನೂನಿನ ದೃಷ್ಟಿಯಲ್ಲಿ ಕನ್ನವೇ ಆಗಿರುತ್ತದೆ. ಬಚ್ಚಿಟ್ಟ ಕೀಲಿಕೈಯನ್ನು ಹುಡುಕಿ ತೆಗೆದು ಬಾಗಿಲು ತೆರೆದ ಪ್ರಕರಣಗಳೂ ಇದರಲ್ಲಿ ಸೇರುತ್ತವೆ.

3. ಹೊರಗಿನಿಂದ ಹಾಕುವ ಬೀಗದ ನ್ಯೂನತೆಗಳು

ಚಿಲಕಕ್ಕೆ ಅಥವಾ ಆಲ್‌ಡ್ರಾಪಿಗೆ ಸಿಕ್ಕಿಸುವ ತೂಗುಬೀಗವು ನಮ್ಮ ರಾಜ್ಯದ ಹಳ್ಳಿ ಮತ್ತು ಪಟ್ಟಣಗಳೆರಡರಲ್ಲಿಯೂ ಬಳಕೆಯಲ್ಲಿದೆ. ಇದರಲ್ಲಿ ಎರಡು ನ್ಯೂನತೆಗಳಿವೆ. ಮೊದಲನೆಯದಾಗಿ, ಮನೆಯಲ್ಲಿ ಯಾರೂ ಇಲ್ಲವೆಂಬುದನ್ನು ಈ ಬೀಗವು ಬೀದಿಯಲ್ಲಿ ಹೋಗುವವರಿಗೆಲ್ಲ ತಿಳಿಸುತ್ತದೆ. ಎರಡನೆಯದಾಗಿ, ಕಬ್ಬಿಣದ ಸಲಾಕೆಯನ್ನು ಕೊಂಡಿಯೊಳಗೆ ತೂರಿಸಿ ಮೀಟಿದಾಗ ಬೀಳುವ ಒತ್ತಡವೆಲ್ಲ ಬೀಗದ ಮೇಲಲ್ಲ, ಚಿಲಕದ ಸಣ್ಣ ಸ್ಕ್ರೂಗಳ ಮೇಲೆ ಬೀಳುತ್ತದೆ.

ತೂಗುಬೀಗವನ್ನೇ ಬಳಸಬೇಕಾದ ಸಂದರ್ಭದಲ್ಲಿ ಈ ಕೆಳಕಂಡ ಕ್ರಮಗಳನ್ನು ಅನುಸರಿಸತಕ್ಕದ್ದು:

1) ಚಿಲಕ ಅಥವಾ ಆಲ್‌ಡ್ರಾಪನ್ನು ಸ್ಕ್ರೂಗಳಿಂದ ಕೂರಿಸುವ ಬದಲು, ಕದದ ಆಚೆಯವರೆಗೆ ಹಾಯುವ ಬೋಲ್ಟುಗಳಿಂದ ಕೂರಿಸಿ, ಒಳಭಾಗದಲ್ಲಿ ಕಬ್ಬಿಣದ ಪಟ್ಟಿ ಇಟ್ಟು ನಟ್ಟು ಬಿಗಿಯಬೇಕು.

2) ಬೋಲ್ಟಿನ ತಲೆಯು ಹೊರಗಿನಿಂದ ಬಿಚ್ಚಲಾಗದಂತೆ ನುಣುಪಾದ ಗುಂಡು ತಲೆಯದ್ದಾಗಿರಬೇಕು.

3) ಬೀಗದ ಕೊಂಡಿಯು ಗಟ್ಟಿಗೊಳಿಸಿದ ಉಕ್ಕಿನದಾಗಿದ್ದು, ಬೀಗ ಹಾಕಿದ ನಂತರ ಸಲಾಕೆ ತೂರದಷ್ಟು ಕಡಿಮೆ ಸಂದು ಉಳಿಯುವಂತಿರಬೇಕು.

4) ಖರೀದಿಸುವಾಗ ಐಎಸ್‌ಐ ಗುರುತನ್ನು ಪರಿಶೀಲಿಸಬೇಕು. ತೂಗುಬೀಗಗಳಿಗೆ ಭಾರತೀಯ ಮಾನಕ ಐಎಸ್ 275 ಅನ್ವಯವಾಗುತ್ತದೆ.

4. ಬಾಗಿಲಿನೊಳಗೆ ಅಳವಡಿಸುವ ಬೀಗಗಳು

ಕದದ ಒಳಗೆ ಅಥವಾ ಕದದ ಒಳಮೈಗೆ ಅಳವಡಿಸುವ ಬೀಗದಲ್ಲಿ ಮೇಲ್ಕಂಡ ಎರಡೂ ನ್ಯೂನತೆಗಳು ಬಹುಮಟ್ಟಿಗೆ ನಿವಾರಣೆಯಾಗುತ್ತವೆ. ಮನೆಯವರು ಒಳಗಿರುವರೋ ಇಲ್ಲವೋ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ; ಸಲಾಕೆಗೆ ಸಿಗುವ ಕೊಂಡಿಯೂ ಹೊರಗಿರುವುದಿಲ್ಲ.

(ಅ) ನೈಟ್ ಲ್ಯಾಚ್: ಇದನ್ನು ಕದದ ಒಳಮೈಗೆ ಕೂರಿಸಲಾಗುತ್ತದೆ. ಬಾಗಿಲನ್ನು ಎಳೆದರೆ ತಾನಾಗಿ ಹಾಕಿಕೊಳ್ಳುವ ಸ್ಪ್ರಿಂಗಿನ ನಾಲಿಗೆ ಇದರಲ್ಲಿದೆ. ಇಂತಹ ನಾಲಿಗೆಯನ್ನು ಸಂದಿಯಲ್ಲಿ ತೆಳುವಾದ ತಗಡನ್ನು ತೂರಿಸಿ ಹಿಂದಕ್ಕೆ ಸರಿಸಲು ಸಾಧ್ಯವಿದೆ. ಆದುದರಿಂದ ಕೀಲಿಯನ್ನು ತಿರುಗಿಸಿದಾಗ ಹೊರಬರುವ ಗಟ್ಟಿ ಅಗುಳಿಯೂ ಇರುವ ಮಾದರಿಯನ್ನೇ ಆರಿಸಿಕೊಳ್ಳಬೇಕು.

(ಆ) ಮಾರ್ಟಿಸ್ ಬೀಗ: ಕದದ ಅಂಚಿನಲ್ಲಿ ಗಾಡಿ ಕೊರೆದು ಒಳಗೆ ಕೂರಿಸುವ ಬೀಗವಿದು. ಕದವು ಕನಿಷ್ಠ 35 ಮಿ.ಮೀ. ದಪ್ಪವಿದ್ದು, ಬೀಗ ಕೂರುವ ಜಾಗದಲ್ಲಿ ಗಟ್ಟಿ ಮರವಿದ್ದರೆ ಮಾತ್ರ ಇದು ಸೂಕ್ತ. ಒಳಗೆ ಟೊಳ್ಳಿರುವ ಕದವನ್ನು ಇದಕ್ಕಾಗಿ ಕೊರೆದರೆ ಕದವೇ ದುರ್ಬಲವಾಗುತ್ತದೆ. ಇವುಗಳಿಗೆ ಐಎಸ್ 2209 ಮಾನಕ ಅನ್ವಯವಾಗುತ್ತದೆ.

(ಇ) ಡೆಡ್ ಬೋಲ್ಟ್: ಇದರಲ್ಲಿ ಸ್ಪ್ರಿಂಗ್ ಇಲ್ಲದ ಗಟ್ಟಿ ಅಗುಳಿ ಮಾತ್ರ ಇರುತ್ತದೆ. ಕೀಲಿ ಅಥವಾ ಒಳಗಿನ ಗುಬುಟು ತಿರುಗಿಸದ ಹೊರತು ಇದು ಹಿಂದೆ ಸರಿಯುವುದಿಲ್ಲ. ಅಗುಳಿಯು ಚೌಕಟ್ಟಿನೊಳಗೆ 20 ರಿಂದ 25 ಮಿ.ಮೀ. ಇಳಿಯುವಂತಿರಬೇಕು.

ಕೀಲಿಯ ಒಳ ರಚನೆಯಲ್ಲಿ ಎರಡು ಬಗೆಗಳಿವೆ. ಲೀವರ್ ಬೀಗದಲ್ಲಿ ಪ್ರತಿಯೊಂದು ಲೀವರನ್ನೂ ಕೀಲಿಯು ನಿಗದಿತ ಎತ್ತರಕ್ಕೇ ಎತ್ತಬೇಕು; ಹೆಚ್ಚಾದರೂ ಕಡಿಮೆಯಾದರೂ ಅಗುಳಿ ಸರಿಯುವುದಿಲ್ಲ. ಸಿಲಿಂಡರ್ ಬೀಗದಲ್ಲಿ ಜೋಡಿ ಪಿನ್ನುಗಳೆಲ್ಲ ಒಂದೇ ಗೆರೆಗೆ ಬಂದಾಗ ಮಾತ್ರ ಸಿಲಿಂಡರ್ ತಿರುಗುತ್ತದೆ. ಲೀವರ್ ಅಥವಾ ಪಿನ್ನುಗಳ ಸಂಖ್ಯೆ ಹೆಚ್ಚಿದಂತೆ ಬೇರೆ ಕೀಲಿಯಿಂದ ಬೀಗ ತೆರೆಯುವ ಸಾಧ್ಯತೆ ಕಡಿಮೆಯಾಗುತ್ತದೆ. ಆದರೆ ಈ ಸಂಖ್ಯೆಯು ಸಲಾಕೆಯ ಏಟನ್ನು ತಡೆಯುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಸಿಲಿಂಡರಿನ ಹೊರತುದಿಯು ತಗಡಿನಿಂದ 3 ಮಿ.ಮೀ.ಗಿಂತ ಹೆಚ್ಚು ಚಾಚಿಕೊಂಡಿದ್ದಲ್ಲಿ ಅದನ್ನು ಇಕ್ಕಳದಿಂದ ಹಿಡಿದು ಮುರಿಯಲು ಅವಕಾಶವಾಗುತ್ತದೆ.

ಮುಖ್ಯ ಸೂಚನೆ: ಬಾಗಿಲನ್ನು ಬರಿದೆ ಎಳೆದುಕೊಂಡು ಹೋದರೆ ಸ್ಪ್ರಿಂಗಿನ ನಾಲಿಗೆ ಮಾತ್ರ ಹಾಕಿಕೊಳ್ಳುತ್ತದೆ. ಪಕ್ಕದ ಅಂಗಡಿಗೆ ಹೋಗುವಾಗಲೂ ಕೀಲಿಯನ್ನು ಪೂರ್ಣ ತಿರುಗಿಸಬೇಕು. ಎರಡು ಸುತ್ತಿನ ಬೀಗವಾದಲ್ಲಿ ಎರಡೂ ಸುತ್ತು ತಿರುಗಿಸಬೇಕು. ಇದಕ್ಕೆ ಯಾವ ಖರ್ಚೂ ಇರುವುದಿಲ್ಲ.

5. ಚೌಕಟ್ಟು, ಕೀಲು ಮತ್ತು ಇತರೆ ಬಾಗಿಲುಗಳು

1) ಅಗುಳಿ ಇಳಿಯುವ ಚೌಕಟ್ಟಿನ ತಗಡನ್ನು ಸಾಮಾನ್ಯವಾಗಿ ಎರಡು ಗಿಡ್ಡ ಸ್ಕ್ರೂಗಳಲ್ಲಿ ಕೂರಿಸಿರುತ್ತಾರೆ. ಬಾಗಿಲನ್ನು ಒದ್ದಾಗ ಮೊದಲು ಒಡೆಯುವ ಜಾಗವಿದು. ಇಲ್ಲಿ ಉದ್ದವಾದ, ದಪ್ಪ ತಗಡನ್ನು ಇಟ್ಟು, 50 ರಿಂದ 65 ಮಿ.ಮೀ. ಉದ್ದದ ಸ್ಕ್ರೂಗಳನ್ನು ಚೌಕಟ್ಟಿನ ಗಟ್ಟಿ ಮರಕ್ಕೆ ಇಳಿಸಬೇಕು.

2) ಕದ ಮತ್ತು ಚೌಕಟ್ಟಿನ ನಡುವಿನ ಸಂದು 3 ಮಿ.ಮೀ. ಮೀರದಂತಿರಬೇಕು. ಬೇಸಿಗೆಯಲ್ಲಿ ಮರ ಒಣಗಿ ಸಂದು ಹೆಚ್ಚಾಗಿದ್ದಲ್ಲಿ ಒಳಭಾಗದಲ್ಲಿ ಪಟ್ಟಿ ಹೊಡೆಸಬೇಕು.

3) ಗೆದ್ದಲು ಹಿಡಿದ ಅಥವಾ ಮಳೆನೀರಿನಿಂದ ಮೆತ್ತಗಾದ ಚೌಕಟ್ಟಿಗೆ ಎಂತಹ ಬೀಗ ಹಾಕಿದರೂ ಪ್ರಯೋಜನವಿಲ್ಲ. ಚೌಕಟ್ಟನ್ನು ಮೊದಲು ಸರಿಪಡಿಸತಕ್ಕದ್ದು.

4) ಹೊರಕ್ಕೆ ತೆರೆಯುವ ಬಾಗಿಲುಗಳಲ್ಲಿ ಕೀಲುಗಳ ಕಡ್ಡಿ ಹೊರಗೆ ಕಾಣುತ್ತದೆ. ಕಡ್ಡಿಯನ್ನು ಹೊಡೆದು ತೆಗೆದರೆ ಬೀಗದ ಹಂಗಿಲ್ಲದೆ ಕದ ಕಳಚುತ್ತದೆ. ಇಂತಹ ಬಾಗಿಲುಗಳಿಗೆ ಕಡ್ಡಿ ತೆಗೆಯಲಾಗದ ಕೀಲುಗಳನ್ನು ಹಾಕಿಸಬೇಕು.

5) ಹಿತ್ತಿಲ ಬಾಗಿಲು, ತಾರಸಿಯ ಬಾಗಿಲು ಮತ್ತು ಬಾಲ್ಕನಿಯ ಬಾಗಿಲನ್ನು ಮುಂಬಾಗಿಲಿನಷ್ಟೇ ಬಲಪಡಿಸಬೇಕು. ಮುಂಬಾಗಿಲಿಗೆ ತೇಗದ ಕದ, ಹಿತ್ತಿಲಿಗೆ ತೆಳುವಾದ ಪ್ಲಾಸ್ಟಿಕ್ ಕದ ಎಂಬ ವ್ಯವಸ್ಥೆಯು ಕಳ್ಳರಿಗೆ ಅನುಕೂಲವಾಗುತ್ತದೆ. ಈ ಬಾಗಿಲುಗಳ ಒಳಭಾಗದಲ್ಲಿ ಮೇಲೊಂದು, ಕೆಳಗೊಂದು ಟವರ್ ಬೋಲ್ಟ್ ಇರಬೇಕು.

6) ಚಿಲಕದ ಪಕ್ಕದಲ್ಲಿ ಗಾಜಿನ ಕಿಟಕಿಯಿದ್ದಲ್ಲಿ, ಗಾಜು ಒಡೆದು ಕೈಹಾಕಿದರೆ ಚಿಲಕ ಎಟುಕುವುದೇ ಎಂಬುದನ್ನು ಪರೀಕ್ಷಿಸಬೇಕು.

6. ಹಣದ ಮಿತಿ ಇದ್ದಲ್ಲಿ ಅನುಸರಿಸಬೇಕಾದ ಕ್ರಮ

ಎಲ್ಲ ಕೆಲಸಗಳನ್ನೂ ಒಮ್ಮೆಗೇ ಮಾಡಿಸಲು ಎಲ್ಲರಿಗೂ ಸಾಧ್ಯವಾಗದು. ಅಂತಹವರು ಈ ಕೆಳಗಿನ ಅನುಕ್ರಮದಲ್ಲಿ ಮಾಡಿಸಿಕೊಳ್ಳಬಹುದು:

ಮೊದಲನೆಯದು: ಇರುವ ಬೀಗ, ಚಿಲಕ, ಕೀಲುಗಳ ಗಿಡ್ಡ ಸ್ಕ್ರೂಗಳನ್ನು ತೆಗೆದು ಉದ್ದ ಸ್ಕ್ರೂ ಅಥವಾ ಬೋಲ್ಟು ಹಾಕಿಸುವುದು. ಇದು ಒಬ್ಬ ಬಡಗಿಯ ಅರ್ಧ ದಿನದ ಕೆಲಸ.
ಎರಡನೆಯದು: ಹಿತ್ತಿಲ ಹಾಗೂ ತಾರಸಿ ಬಾಗಿಲುಗಳಿಗೆ ಟವರ್ ಬೋಲ್ಟ್.
ಮೂರನೆಯದು: ಮುಂಬಾಗಿಲಿಗೆ ಗಟ್ಟಿ ಅಗುಳಿಯ ಒಳಬೀಗ.
ನಾಲ್ಕನೆಯದು: ಕಬ್ಬಿಣದ ಜಾಲರಿ ಬಾಗಿಲು, ಎಚ್ಚರಿಕೆ ಗಂಟೆ ಅಥವಾ ಕ್ಯಾಮೆರಾ.

ಕ್ಯಾಮೆರಾವು ಕಳ್ಳನ ಚಿತ್ರವನ್ನು ದಾಖಲಿಸುತ್ತದೆಯೇ ಹೊರತು ಬಾಗಿಲನ್ನು ಹಿಡಿದು ನಿಲ್ಲಿಸುವುದಿಲ್ಲ. ಆದುದರಿಂದ ಮೊದಲ ಮೂರು ಕೆಲಸಗಳನ್ನು ಬಿಟ್ಟು ನಾಲ್ಕನೆಯದಕ್ಕೆ ಹಣ ವ್ಯಯಿಸುವುದು ಸೂಕ್ತವಲ್ಲ.

7. ಪ್ರಾಣರಕ್ಷಣೆಯ ಬಗ್ಗೆ ಎಚ್ಚರಿಕೆ

ಒಳಗಿನಿಂದಲೂ ಕೀಲಿಯಿಂದಲೇ ತೆರೆಯಬೇಕಾದ ಬೀಗಗಳು ಬೆಂಕಿ ಅಥವಾ ಅಡುಗೆ ಅನಿಲ ಸೋರಿಕೆಯ ಸಮಯದಲ್ಲಿ ಪ್ರಾಣಾಪಾಯಕ್ಕೆ ಕಾರಣವಾಗಬಹುದು. ವೃದ್ಧರು ಮತ್ತು ಮಕ್ಕಳಿರುವ ಮನೆಗಳಲ್ಲಿ, ಒಳಗಿನಿಂದ ಕೀಲಿಯಿಲ್ಲದೆ ಗುಬುಟು ತಿರುಗಿಸಿ ತೆರೆಯಬಹುದಾದ ಬೀಗವನ್ನೇ ಹಾಕಿಸಬೇಕು. ಮನೆಯವರನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗುವ ಅಭ್ಯಾಸವನ್ನು ಸಂಪೂರ್ಣವಾಗಿ ಕೈಬಿಡತಕ್ಕದ್ದು. ಕತ್ತಲೆಯಲ್ಲಿಯೂ ಬಾಗಿಲು ತೆರೆಯುವುದನ್ನು ಮನೆಯ ಪ್ರತಿಯೊಬ್ಬರೂ ಅಭ್ಯಾಸ ಮಾಡಿಕೊಂಡಿರಬೇಕು.

8. ಕೀಲಿಕೈಗಳ ನಿರ್ವಹಣೆ

ಪಾದರಕ್ಷೆಯ ಗೂಡು, ಹೂಕುಂಡ, ವಿದ್ಯುತ್ ಮೀಟರ್ ಪೆಟ್ಟಿಗೆ, ಕಿಟಕಿಯ ಮೂಲೆ ಇವು ಕೀಲಿಕೈ ಬಚ್ಚಿಡುವ ಜಾಗಗಳೆಂಬುದು ಎಲ್ಲರಿಗೂ ತಿಳಿದಿರುತ್ತದೆ. ಹೆಚ್ಚುವರಿ ಕೀಲಿಯನ್ನು ನಂಬಿಕೆಯ ನೆರೆಯವರಲ್ಲಿ ಅಥವಾ ಬಂಧುಗಳಲ್ಲಿ ಇಡುವುದು ಉತ್ತಮ. ಹೊಸ ಬಾಡಿಗೆ ಮನೆಗೆ ಬಂದಾಗ ಹಾಗೂ ಕೀಲಿಕೈ ಕಳೆದುಹೋದಾಗ ಸಿಲಿಂಡರನ್ನು ಬದಲಾಯಿಸಬೇಕು. ಸಿಲಿಂಡರ್ ಬೀಗವಾದಲ್ಲಿ ಪೂರ್ಣ ಬೀಗವನ್ನು ಬದಲಿಸುವ ಅಗತ್ಯವಿಲ್ಲ. ಬಾಡಿಗೆದಾರರು ಮನೆಯ ಮಾಲೀಕರ ಒಪ್ಪಿಗೆ ಪಡೆದು ಈ ಕೆಲಸ ಮಾಡಿಸತಕ್ಕದ್ದು.

9. ಊರಿಗೆ ಹೋಗುವ ಮುನ್ನ

ಬಾಗಿಲಲ್ಲಿ ಬಿದ್ದಿರುವ ದಿನಪತ್ರಿಕೆ, ಹಾಲಿನ ಪೊಟ್ಟಣ, ಹಗಲಿನಲ್ಲಿಯೂ ಉರಿಯುವ ದೀಪ, ಗುಡಿಸದ ಅಂಗಳ, ದಿನವೂ ಇರುತ್ತಿದ್ದ ರಂಗೋಲಿ ಇಲ್ಲದಿರುವುದು, ಇವೆಲ್ಲವೂ ಮನೆ ಖಾಲಿಯಿದೆಯೆಂಬ ಸುಳಿವನ್ನು ನೀಡುತ್ತವೆ. ಪತ್ರಿಕೆ ಮತ್ತು ಹಾಲನ್ನು ನಿಲ್ಲಿಸಿ, ಅಂಗಳವನ್ನು ನೋಡಿಕೊಳ್ಳುವಂತೆ ನೆರೆಯವರನ್ನು ಕೋರಬೇಕು. ಆಭರಣಗಳನ್ನು ಬ್ಯಾಂಕಿನ ಲಾಕರಿನಲ್ಲಿ ಇಡುವುದು ಕ್ಷೇಮ. ಪ್ರವಾಸದ ಚಿತ್ರಗಳನ್ನು ಮರಳಿ ಬಂದ ನಂತರವೇ ಸಾಮಾಜಿಕ ಜಾಲತಾಣಗಳಲ್ಲಿ ಹಾಕುವುದು ಸೂಕ್ತ.

ಹೆಚ್ಚು ದಿನ ಊರಿಗೆ ಹೋಗುವವರು ತಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಗೆ ಲಿಖಿತವಾಗಿ ಮಾಹಿತಿ ನೀಡಿ, ಗಸ್ತಿನ ವೇಳೆ ಮನೆಯ ಕಡೆ ಗಮನ ಹರಿಸುವಂತೆ ಕೋರಬಹುದು. ಅರ್ಜಿಯಲ್ಲಿ ಮನೆಯ ವಿಳಾಸ, ಹೋಗುವ ಮತ್ತು ಮರಳುವ ದಿನಾಂಕ, ಸಂಪರ್ಕ ದೂರವಾಣಿ ಹಾಗೂ ಕೀಲಿ ಇರುವ ನೆರೆಯವರ ವಿವರಗಳನ್ನು ನಮೂದಿಸಬೇಕು.

10. ಕಳವು ನಡೆದಲ್ಲಿ ಅನುಸರಿಸಬೇಕಾದ ಕ್ರಮ

1) ಬಾಗಿಲು ತೆರೆದಿರುವುದು ಕಂಡಲ್ಲಿ ಒಳಗೆ ಹೋಗಬಾರದು. ಕಳ್ಳರು ಇನ್ನೂ ಒಳಗಿರುವ ಸಂಭವವಿರುತ್ತದೆ. ಕೂಡಲೇ 112 ಕ್ಕೆ ಕರೆ ಮಾಡಬೇಕು.

2) ಮುರಿದ ಬೀಗ, ಚಿಲಕ, ಬೀರು ಇವುಗಳನ್ನು ಮುಟ್ಟಬಾರದು. ಬೆರಳಚ್ಚು ತಜ್ಞರ ಪರಿಶೀಲನೆ ಮತ್ತು ಪಂಚನಾಮೆ ಮುಗಿದ ನಂತರವೇ ಹೊಸ ಬೀಗ ಹಾಕಿಸಬೇಕು.

3) ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ರ ಕಲಂ 173 ರ ಅನ್ವಯ ಯಾವುದೇ ಠಾಣೆಯಲ್ಲಿ, ವ್ಯಾಪ್ತಿಯನ್ನು ಲೆಕ್ಕಿಸದೆ, ದೂರು ನೀಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ದೂರು ನೀಡಿದಲ್ಲಿ 3 ದಿನಗಳೊಳಗೆ ಸಹಿ ಮಾಡತಕ್ಕದ್ದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕಾಗಿರುತ್ತದೆ.

4) ಠಾಣಾಧಿಕಾರಿಯು ದೂರು ದಾಖಲಿಸಲು ನಿರಾಕರಿಸಿದಲ್ಲಿ, ದೂರಿನ ಸಾರಾಂಶವನ್ನು ಅಂಚೆ ಮೂಲಕ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು. ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು.

5) ಆಭರಣಗಳ ಬಿಲ್ಲು, ತೂಕದ ವಿವರ, ಛಾಯಾಚಿತ್ರಗಳನ್ನು ಮೊದಲೇ ಪ್ರತ್ಯೇಕವಾಗಿ ಕಾಯ್ದಿರಿಸಿದ್ದಲ್ಲಿ, ವಶಪಡಿಸಿಕೊಂಡ ಸ್ವತ್ತನ್ನು ಗುರುತಿಸಿ ನ್ಯಾಯಾಲಯದ ಮೂಲಕ ಮರಳಿ ಪಡೆಯಲು ಅನುಕೂಲವಾಗುತ್ತದೆ.

11. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಸಂಖ್ಯೆ ಒತ್ತಿ ಅಥವಾ ಬೆರಳಿಟ್ಟು ತೆರೆಯುವ ವಿದ್ಯುನ್ಮಾನ ಬೀಗಗಳು ಹೆಚ್ಚು ಸುರಕ್ಷಿತವೇ?
ಉತ್ತರ: ಇವು ಕೀಲಿಕೈ ಕಳೆಯುವ ತೊಂದರೆಯನ್ನು ತಪ್ಪಿಸುತ್ತವೆ. ಆದರೆ ಅಗುಳಿ ಮತ್ತು ಚೌಕಟ್ಟು ದುರ್ಬಲವಾಗಿದ್ದಲ್ಲಿ ಇವೂ ನಿಷ್ಪ್ರಯೋಜಕ. ತಯಾರಕರು ನೀಡಿದ ಮೂಲ ಸಂಖ್ಯೆಯನ್ನು ಕೂಡಲೇ ಬದಲಾಯಿಸಬೇಕು. ಬ್ಯಾಟರಿ ಮುಗಿದಾಗ ತೆರೆಯುವ ವ್ಯವಸ್ಥೆ ಇದೆಯೇ ಎಂದು ಖರೀದಿಗೆ ಮುನ್ನ ಖಚಿತಪಡಿಸಿಕೊಳ್ಳಬೇಕು.

ಪ್ರಶ್ನೆ: ಮನೆಗೆ ವಿಮೆ ಇದ್ದಲ್ಲಿ ಕಳವಿಗೆ ಪರಿಹಾರ ದೊರೆಯುವುದೇ?
ಉತ್ತರ: ಬೆಂಕಿ ಮತ್ತು ಪ್ರಕೃತಿ ವಿಕೋಪಗಳಿಗೆ ಸಂಬಂಧಿಸಿದ ವಿಮೆಯಲ್ಲಿ ಕನ್ನ ಕಳವು ತಾನಾಗಿ ಸೇರಿರುವುದಿಲ್ಲ, ಅದಕ್ಕೆ ಪ್ರತ್ಯೇಕ ರಕ್ಷಣೆ ಪಡೆಯಬೇಕಾಗುತ್ತದೆ. ಇಂತಹ ವಿಮೆಯಲ್ಲಿ ಬಲವಂತವಾಗಿ ಒಳನುಗ್ಗಿದ ಗುರುತುಗಳನ್ನು ಸಾಮಾನ್ಯವಾಗಿ ಕೇಳುವುದರಿಂದ, ಮುರಿದ ಬಾಗಿಲಿನ ಛಾಯಾಚಿತ್ರ ತೆಗೆದಿಡಬೇಕು.

ಪ್ರಶ್ನೆ: ಬೀಗಕ್ಕೆ ಎಣ್ಣೆ ಹಾಕಬಹುದೇ?
ಉತ್ತರ: ಅಡುಗೆ ಎಣ್ಣೆ ಹಾಕಬಾರದು, ಅದರಲ್ಲಿ ಧೂಳು ಸೇರಿ ಒಳಭಾಗ ಬಿಗಿದುಕೊಳ್ಳುತ್ತದೆ. ಸಿಲಿಂಡರಿಗೆ ಗ್ರಾಫೈಟ್ ಪುಡಿ ಉಪಯುಕ್ತ. ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ಪರಿಶೀಲಿಸಿದರೆ ಸಾಕು.

ವಿಶೇಷ ಸೂಚನೆ: ಯಾವ ಬೀಗವೂ ಕಳ್ಳರನ್ನು ಸಂಪೂರ್ಣವಾಗಿ ತಡೆಯುತ್ತದೆಯೆಂದು ಹೇಳಲಾಗದು. ಬಾಗಿಲು ತೆರೆಯಲು ಹೆಚ್ಚು ಸಮಯ ಹಿಡಿದಷ್ಟೂ, ಹೆಚ್ಚು ಸದ್ದಾದಷ್ಟೂ ನೆರೆಯವರಿಗೆ ಎಚ್ಚರವಾಗುವ ಸಂಭವ ಹೆಚ್ಚುತ್ತದೆ. ಸಾರ್ವಜನಿಕರು ಇಂದೇ ತಮ್ಮ ಮನೆಯ ಪ್ರತಿಯೊಂದು ಬಾಗಿಲಿನ ಸ್ಕ್ರೂಗಳನ್ನು ಪರಿಶೀಲಿಸಿಕೊಳ್ಳುವಂತೆ ಕೋರಲಾಗಿದೆ.