ಮಗ್ದಲದ ಲೂಟಿ: ಮರಳಿ ಬಂದದ್ದೆಷ್ಟು, ಬಾರದೆ ಉಳಿದದ್ದೆಷ್ಟು



ಯುದ್ಧದಲ್ಲಿ ದೋಚಿಹೋದ ದೇವರ ವಸ್ತುಗಳು ಹಿಂದಿರುಗುವುದು ಅಪರೂಪ. ಏಕೆಂಬುದಕ್ಕೆ ಇಥಿಯೋಪಿಯಾದ ಮಗ್ದಲ ಕೋಟೆಯ ಕಥೆ ಒಳ್ಳೆಯ ಉದಾಹರಣೆ.

ಲೂಟಿ: ಚಕ್ರವರ್ತಿ ಎರಡನೆಯ ತೆವೊದ್ರೋಸ್ ಬ್ರಿಟಿಷ್ ರಾಯಭಾರಿಯನ್ನೂ ಇತರ ಯುರೋಪಿಯನ್ನರನ್ನೂ ಸೆರೆಯಲ್ಲಿಟ್ಟಿದ್ದನು. ಅವರನ್ನು ಬಿಡಿಸಲು ಸರ್ ರಾಬರ್ಟ್ ನೇಪಿಯರ್ ನೇತೃತ್ವದ ಸೈನ್ಯ ಹೊರಟದ್ದು ನಮ್ಮ ಮುಂಬಯಿಯಿಂದ. ಅದರಲ್ಲಿ ಭಾರತೀಯ ಸಿಪಾಯಿಗಳೂ 44 ಆನೆಗಳೂ ಇದ್ದವು. ಸೆರೆಯಾಳುಗಳು ಬಿಡುಗಡೆಯಾದ ಮೇಲೂ ದಾಳಿ ನಿಲ್ಲಲಿಲ್ಲ. 1868ರ ಏಪ್ರಿಲ್ 13ರಂದು ಕೋಟೆ ಬಿತ್ತು. ತೆವೊದ್ರೋಸ್ ಗುಂಡು ಹಾರಿಸಿಕೊಂಡು ಸತ್ತನು. ಮೆಧಾನೆ ಅಲೆಮ್ ಚರ್ಚಿನ ಸಂಪತ್ತೂ ಹಸ್ತಪ್ರತಿಗಳೂ ಸೂರೆಯಾದವು. ಅವನ್ನು ಸಾಗಿಸಲು 15 ಆನೆಗಳೂ ಸುಮಾರು 200 ಹೇಸರಗತ್ತೆಗಳೂ ಬೇಕಾದವು. ದಾರಿಯಲ್ಲೇ ಹರಾಜು ಹಾಕಿ, ಬಂದ ಹಣವನ್ನು ಸೈನಿಕರಿಗೆ ಹಂಚಲಾಯಿತು. ಸೈನ್ಯದೊಂದಿಗೆ ಹೋಗಿದ್ದ ಬ್ರಿಟಿಷ್ ಮ್ಯೂಸಿಯಂನ ರಿಚರ್ಡ್ ಹೋಮ್ಸ್ ಬಹಳಷ್ಟನ್ನು ಕೊಂಡನು.

ಮೊದಲ ಬೇಡಿಕೆ: 1872ರಲ್ಲಿ ಚಕ್ರವರ್ತಿ ನಾಲ್ಕನೆಯ ಯೋಹನ್ನೆಸ್ ಪತ್ರ ಬರೆದು ಎರಡು ವಸ್ತುಗಳನ್ನು ಕೇಳಿದನು: ‘ಕೆಬ್ರ ನಗಸ್ತ್’ ಗ್ರಂಥ ಮತ್ತು ಮುಳ್ಳಿನ ಕಿರೀಟದ ಕ್ರಿಸ್ತನ ಪಟ. ಗ್ರಂಥ ಮ್ಯೂಸಿಯಂನಲ್ಲಿತ್ತು, ಹಿಂದಿರುಗಿತು. ಪಟ ಅಲ್ಲಿ ಸಿಗಲಿಲ್ಲ. ಅದನ್ನು ಹೋಮ್ಸ್ ತನ್ನ ಬಳಿಯೇ ಇಟ್ಟುಕೊಂಡಿದ್ದನು.

ತಾಬೋತ್: ಇದು ಮರದ ಅಥವಾ ಕಲ್ಲಿನ ಪವಿತ್ರ ಫಲಕ. ನಮ್ಮಲ್ಲಿ ಪ್ರತಿಷ್ಠೆಯಾಗದ ಗುಡಿಯಲ್ಲಿ ಪೂಜೆ ಇಲ್ಲದಂತೆ, ತಾಬೋತ್ ಇಲ್ಲದೆ ಅಲ್ಲಿ ಚರ್ಚ್ ಇಲ್ಲ. ಅದನ್ನು ಅರ್ಚಕರು ಮಾತ್ರ ನೋಡಬಹುದು. ಬ್ರಿಟಿಷ್ ಮ್ಯೂಸಿಯಂನಲ್ಲಿ ಇಂಥ 11 ತಾಬೋತ್‌ಗಳಿವೆ. ಪ್ರದರ್ಶನಕ್ಕಿಲ್ಲ, ಸಿಬ್ಬಂದಿಯೂ ನೋಡುವಂತಿಲ್ಲ. ಆದರೂ ಸಂಗ್ರಹವನ್ನು ಬಿಟ್ಟುಕೊಡಲು 1963ರ ಕಾಯ್ದೆ ಅಡ್ಡಿಯೆಂಬ ಉತ್ತರ.

ಎಡಿನ್‌ಬರೋದ ಸೇಂಟ್ ಜಾನ್ಸ್ ಚರ್ಚಿಗೆ ಈ ಅಡ್ಡಿ ಇರಲಿಲ್ಲ. 2001ರಲ್ಲಿ ಅಲ್ಲಿನ ಕಪಾಟಿನಲ್ಲಿ ಒಂದು ತಾಬೋತ್ ಸಿಕ್ಕಿತು. ಯಾರದೆಂದು ತಿಳಿದೊಡನೆ ಕೊಡಲು ಒಪ್ಪಿದರು. 2002ರಲ್ಲಿ ಅಡಿಸ್ ಅಬಾಬಾದಲ್ಲಿ ಸಾವಿರಾರು ಜನ ಸೇರಿ ಅದನ್ನು ಬರಮಾಡಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯೂ ತನ್ನಲ್ಲಿರುವ ತಾಬೋತ್ ಮರಳಿಸಲು 2024ರಲ್ಲಿ ತಾತ್ತ್ವಿಕವಾಗಿ ಒಪ್ಪಿದೆ.

ಕಡತಗಳ ನಡುವೆ ಬದುಕು ಸವೆಸಿದ ನನಗೆ ಕಾಣುವುದಿಷ್ಟು: ಏನು ಹೋಯಿತು, ಎಲ್ಲಿದೆ ಎಂದು ಹೆಸರಿಟ್ಟು ಕೇಳಿದ್ದು ಬಂತು, ದಾಖಲೆಗೆ ಸಿಗದ್ದು ಕೈತಪ್ಪಿತು. ತಮ್ಮ ಊರಿನ ಗುಡಿ, ಬಸದಿ, ದರ್ಗಾ, ಚರ್ಚುಗಳ ಹಳೆಯ ವಸ್ತುಗಳ ಪಟ್ಟಿಯೊಂದನ್ನು ಫೋಟೋ ಸಹಿತ ಮಾಡಿಟ್ಟುಕೊಳ್ಳಬೇಕೆಂದು ವಿನಂತಿ.

– ಕಾರ್ಯದರ್ಶಿ