ಮಾಕ್ಷಿಕದ ಗಣಿಯೂ ಕೆಂಪು ಹೊಳೆಯೂ

ನಮ್ಮ ರಸಶಾಸ್ತ್ರಜ್ಞರು ಎಣಿಸಿದ ಎಂಟು ಮಹಾರಸಗಳಲ್ಲಿ ಮಾಕ್ಷಿಕವೂ ವಿಮಲವೂ ಸೇರಿರುವುವು. ಹೊಂಬಣ್ಣದಿಂದ ಹೊಳೆದು ಚಿನ್ನವೆಂಬ ಭ್ರಾಂತಿಯನ್ನು ಹುಟ್ಟಿಸುವ ಈ ಜಾತಿಯ ಕಲ್ಲುಗಳಲ್ಲಿ ಪೈರೈಟ್ ಎಂಬುದು ಕಬ್ಬಿಣ ಗಂಧಕಗಳ ಸಂಯೋಗ. ತೂಕದಲ್ಲಿ ಶೇಕಡಾ 53ರಷ್ಟು ಗಂಧಕವೇ. ವಿಮಲವೆಂದರೆ ಇದೇ ಎಂದು ಹಲವು ವಿದ್ವಾಂಸರ ಮತ.

ಇದರ ಹಳೆಯ ಗಣಿಗಳಲ್ಲಿ ಸ್ಪೇನ್ ದೇಶದ ನೈಋತ್ಯದಲ್ಲಿರುವ ರಿಯೋ ತಿಂತೋ ಸುಪ್ರಸಿದ್ಧವಾದುದು. ಆ ಹೆಸರಿಗೆ ಬಣ್ಣದ ಹೊಳೆಯೆಂದರ್ಥ. ಗಾಳಿ ನೀರು ಸೋಕಿದ ಮಾಕ್ಷಿಕವು ಕರಗಿ ಅನ್ನಭೇದಿಯೂ ಗಂಧಕಾಮ್ಲವೂ ಆಗುವುದು. ಕಣ್ಣಿಗೆ ಕಾಣದ ಜೀವಾಣುಗಳು ಈ ಕ್ರಿಯೆಯನ್ನು ತ್ವರೆಗೊಳಿಸುವುವು. ಆದಕಾರಣ ಹೊಳೆಯ ನೀರು ಕೆಂಪು, ಮತ್ತು ನಿಂಬೆಯ ರಸದಷ್ಟು ಹುಳಿ.

ರೋಮನರು ಇಲ್ಲಿ ಬೆಳ್ಳಿ ತಾಮ್ರಗಳಿಗಾಗಿ ತೋಡಿದರು. ಸುರಂಗದಲ್ಲಿ ನಿಂತ ನೀರನ್ನೆತ್ತಲು ಮರದ ಚಕ್ರಗಳನ್ನು ಜೋಡಿಜೋಡಿಯಾಗಿ, ಒಂದರ ಮೇಲೊಂದು ಮಜಲಿನಂತೆ ನಿಲ್ಲಿಸಿ, ಆಳುಗಳಿಂದ ತುಳಿಸುತ್ತಿದ್ದರು. ಹದಿನಾರು ಚಕ್ರಗಳ ಒಂದು ಸಾಲು ಸುಮಾರು 30 ಮೀಟರು ಎತ್ತರಕ್ಕೆ ನೀರನ್ನೇರಿಸುತ್ತಿತ್ತು. ಒಂದು ಚಕ್ರದ ಭಾಗವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕತ್ತಲೆಯಲ್ಲಿ ಅದನ್ನು ತುಳಿದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಗಂಧಕಕ್ಕಾಗಿ ಮಾಕ್ಷಿಕವನ್ನು ಬಯಸುವ ಕಾಲ ಬಂದುದು ಬಹಳ ತಡವಾಗಿ. 1838ರಲ್ಲಿ ಸಿಸಿಲಿಯ ಗಂಧಕವ್ಯಾಪಾರವು ಒಂದೇ ಕೂಟದ ಕೈಸೇರಿ ಬೆಲೆಯೇರಲು, ಇಂಗ್ಲೆಂಡಿನ ಆಮ್ಲತಯಾರಕರು ಈ ಕಲ್ಲನ್ನು ಸುಡತೊಡಗಿದರು. 1873ರಲ್ಲಿ ಲಂಡನ್ನಿನ ಕಂಪೆನಿಯೊಂದು ಗಣಿಯನ್ನು ಸ್ಪೇನಿನ ಸರಕಾರದಿಂದ ಕೊಂಡು, ವೆಲ್ವಾ ಬಂದರಿಗೆ ರೈಲುಹಾದಿ ಹಾಕಿಸಿತು.

ಪರದೇಶಕ್ಕೆ ಕಳುಹದ, ತಾಮ್ರ ಕಡಮೆಯಾದ ಅದಿರನ್ನು ಅಲ್ಲಿಯೇ ಬಯಲಿನಲ್ಲಿ ರಾಶಿಹಾಕಿ ಸುಡುತ್ತಿದ್ದರು. ರಾಶಿಗಳು ತಿಂಗಳುಗಟ್ಟಲೆ ಉರಿಯುತ್ತಿದ್ದುವು. ಬಳಿಕ ನೀರು ಹಾಯಿಸಿ, ಕರಗಿ ಬಂದ ತಾಮ್ರವನ್ನು ಹಳೆಯ ಕಬ್ಬಿಣದ ಮೇಲೆ ಹಿಡಿಯುವುದು. ಉಪಾಯವೇನೋ ಸೊಗಸು, ಗಂಧಕದ ಹೊಗೆಯ ಪಾಲು ಮಾತ್ರ ನೆರೆಹೊರೆಯವರದು. ಪೈರು ಸುಟ್ಟಿತು, ಮರಗಳು ಒಣಗಿದುವು. ಹೊಗೆ ನೆಲಕ್ಕೆ ಕವಿದ ದಿನ ಗಣಿಯ ಕೆಲಸ ನಿಲ್ಲುತ್ತಿತ್ತು, ಕೂಲಿಯೂ ಅರ್ಧಕ್ಕಿಳಿಯುತ್ತಿತ್ತು. ಕೆಮ್ಮುವವನಿಗೇ ದಂಡವೆಂಬ ಈ ನ್ಯಾಯ ವಿಚಿತ್ರವಾದುದು!

1888ನೆಯ ಇಸವಿ ಫೆಬ್ರವರಿ 4ರಂದು ಗಣಿಯ ಕೂಲಿಗಾರರೂ ಸುತ್ತಲಿನ ಬೇಸಾಯಗಾರರೂ ಹೆಂಡಿರು ಮಕ್ಕಳೊಡನೆ ಊರಿನ ಪೌರಸಭೆಯ ಮುಂದೆ ನೆರೆದರು. ಬಯಲಿನ ದಹನ ನಿಲ್ಲಲಿ, ಕೂಲಿ ಕಡಿಯದಿರಲಿ ಎಂಬುದು ಅವರ ಬೇಡಿಕೆ. ಸಿಪಾಯಿಗಳು ಗುಂಡು ಹಾರಿಸಿದರು. ಸತ್ತವರು 13 ಜನವೆಂದು ಸರಕಾರದ ಲೆಕ್ಕ. ನೂರಕ್ಕೆ ಮೀರಿತೆಂದು ಜನರ ಮಾತು. ಆ ಪ್ರಾಂತದಲ್ಲಿ ಅದನ್ನು ಗುಂಡುಗಳ ವರ್ಷವೆಂದೇ ಕರೆಯುವರು.

ಅದೇ ತಿಂಗಳ 29ರಂದು ಬಯಲಿನ ದಹನವನ್ನು ನಿಷೇಧಿಸುವ ರಾಜಾಜ್ಞೆ ಹೊರಟಿತು. 1890ರಲ್ಲಿ ಅದನ್ನು ಹಿಂತೆಗೆದುಕೊಂಡರು. ರಾಶಿಗಳು ಕಡೆಗೆ ಆರಿದುದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ.